ಸ್ಪಷ್ಟನೆ: ಮುಂಬೈ ದಾಳಿ ನಡೆದಾಗ ಎನ್‌ಐಎ ಇರಲೇ ಇಲ್ಲ

ದಾವಣಗೆರೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. 2008ರ ಮುಂಬೈ ದಾಳಿಯ ಸುಳಿವು ಯಾರಿಗೂ ಇರಲಿಲ್ಲ, ಎನ್‌ಐಎ (ಭಯೋತ್ಪಾದನೆ ಪ್ರಕರಣಗಳ ತನಿಖೆ ಮಾಡುವ ರಾಷ್ಟ್ರೀಯ ತನಿಖಾ ಸಂಸ್ಥೆ) ಕಣ್ಣು ಮುಚ್ಚಿ ಕೂತಿತ್ತು ಅಂತ. ಎರಡೂ ತಪ್ಪು.

ದಾಳಿ ಶುರುವಾಗಿದ್ದು ನವೆಂಬರ್ 26ರ ರಾತ್ರಿ. ಎನ್‌ಐಎ ಕಾಯ್ದೆ ಜಾರಿಗೆ ಬಂದಿದ್ದು ಡಿಸೆಂಬರ್ 31ಕ್ಕೆ. 166 ಜನರನ್ನು ಕಳೆದುಕೊಂಡ ಮೇಲೆ, ಆ ದಾಳಿಯಿಂದಾಗಿಯೇ ಹುಟ್ಟಿದ ಸಂಸ್ಥೆ ಅದು.

ಸುಳಿವಿನ ವಿಷಯ ಇನ್ನೂ ನೋವಿನದು. ಉಗ್ರರು ಸಮುದ್ರದ ಕಡೆಯಿಂದ ಬರಬಹುದು, ತಾಜ್ ಹೋಟೆಲ್ ಗುರಿಯಾಗಬಹುದು ಎಂಬ ಎಚ್ಚರಿಕೆಗಳು ಮೊದಲೇ ಬಂದಿದ್ದವು. ದಿನ ಯಾವುದು ಅಂತ ಗೊತ್ತಿರಲಿಲ್ಲ, ನಿಜ. ಆದರೆ ಬೇರೆ ಬೇರೆ ಕಡೆಯಿಂದ ಬಂದ ತುಣುಕುಗಳನ್ನು ಜೋಡಿಸಿ, ಕರಾವಳಿ ಕಾವಲನ್ನು ಬಿಗಿ ಮಾಡುವ ಕೆಲಸ ಆಗಲಿಲ್ಲ. ಗುಪ್ತಚರ ಸಂಸ್ಥೆಗಳು ಮಾಹಿತಿ ಹಂಚಿಕೊಳ್ಳಲೆಂದೇ ಮಲ್ಟಿ ಏಜೆನ್ಸಿ ಸೆಂಟರ್ ಆಗಲೇ ಇತ್ತು. ಸುಳಿವೇ ಇರಲಿಲ್ಲ ಅಂದುಬಿಟ್ಟರೆ ಈ ಲೋಪವನ್ನು ಸುಮ್ನೆ ಮುಚ್ಚಿ ಹಾಕಿದ ಹಾಗೆ, ಅಲ್ವಾ? ಸತ್ತವರ ಮನೆಯವರಿಗೆ ಅದು ಅನ್ಯಾಯ.

ಎನ್‌ಎಸ್‌ಜಿ (ರಾಷ್ಟ್ರೀಯ ಭದ್ರತಾ ದಳ) ಕಮಾಂಡೋಗಳು ಆಗ ದೆಹಲಿ ಕಡೆಯಿಂದ ವಿಮಾನದಲ್ಲಿ ಬರಬೇಕಾಯಿತು. 2009ರಲ್ಲಿ ಮುಂಬೈ, ಚೆನ್ನೈ, ಹೈದರಾಬಾದ್, ಕೋಲ್ಕತ್ತಾದಲ್ಲಿ ಅವರ ನೆಲೆಗಳು ಶುರುವಾದವು.

ಆ ಸಂದೇಶ ನಿಮಗೂ ಬಂದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ.