‘ಫುಲ್ ಇನ್ಶೂರೆನ್ಸ್’ ಅಂದರೆ ಎಷ್ಟು ಫುಲ್?

ನಮ್ಮ ಏರಿಯಾದ ಎಮಿಷನ್ ಟೆಸ್ಟ್ ಅಂಗಡಿಯವನು ಕಾರ್ ಇನ್ಶೂರೆನ್ಸ್ ಕೂಡ ಮಾಡಿಕೊಡುತ್ತಾನೆ. ಹೋದವರಿಗೆಲ್ಲ ಅವನದು ಒಂದೇ ಪ್ರಶ್ನೆ: ‘ಸರ್, ಫುಲ್ ಬೇಕಾ, ಥರ್ಡ್ ಪಾರ್ಟಿ ಸಾಕಾ?’ ನಾವೂ ಗೋಬಿ ಮಂಚೂರಿ ಗಾಡಿ ಮುಂದೆ ನಿಂತವರ ಹಾಗೆ ಫುಲ್ಲೋ ಹಾಫೋ ಹೇಳಿ, ದುಡ್ಡು ಕೊಟ್ಟು ಬರುತ್ತೇವೆ.

ಈ ‘ಫುಲ್’ ಅನ್ನುವ ಪದದ ಮೇಲೆ ನನಗೆ ಸಿಟ್ಟಿದೆ. 2022ರ ಸೆಪ್ಟೆಂಬರ್‌ನಿಂದ ಇದೆ.

ಬೆಂಗಳೂರಿನ ಆ ಮಳೆ ನೆನಪಿದೆಯಲ್ವಾ? ಔಟರ್ ರಿಂಗ್ ರೋಡ್ ಕೆರೆಯಾಗಿ, ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಮಳೆ. ನಮ್ಮ ಭಾವನ ಮನೆ ಸರ್ಜಾಪುರ ರಸ್ತೆ ಕಡೆ. ರಾತ್ರಿ ಬೇಸ್‌ಮೆಂಟಿಗೆ ನುಗ್ಗಿದ ನೀರು ಬೆಳಗಾಗುವಷ್ಟರಲ್ಲಿ ಕಾರಿನ ಸೀಟಿನ ಮಟ್ಟಕ್ಕೆ ಬಂದಿತ್ತು. ಪಂಪ್ ಹಾಕಿ ನೀರು ಖಾಲಿ ಮಾಡಿದ ಮೇಲೆ ಭಾವ ಎಲ್ಲರೂ ಮಾಡುವುದನ್ನೇ ಮಾಡಿದರು. ಕೀ ಹಾಕಿ, ಸ್ಟಾರ್ಟ್ ಆಗುತ್ತದಾ ಅಂತ ನೋಡಿದರು. ಒಂದು ಸಲ ಅಲ್ಲ, ನಾಲ್ಕೈದು ಸಲ.

ಇಂಜಿನ್ ಗಾಳಿಯನ್ನು ಒತ್ತಬಲ್ಲದು, ನೀರನ್ನು ಒತ್ತಲಾರದು. ಸಿಲಿಂಡರ್ ಒಳಗೆ ನೀರಿದ್ದಾಗ ಪಿಸ್ಟನ್ ಮೇಲೆ ಹೋದರೆ ಬಾಗುವುದು ಅದರ ಕೆಳಗಿನ ಕನೆಕ್ಟಿಂಗ್ ರಾಡ್. ಭಾವನ ಕಾರಿಗೆ ಆಗಿದ್ದೂ ಅದೇ. ಇಂಜಿನ್ ಕೆಲಸದ ಎಸ್ಟಿಮೇಟ್ ಒಂದೂವರೆ ಲಕ್ಷ ದಾಟಿತು. ನಷ್ಟ ಎಷ್ಟು ಅಂತ ನೋಡುವ ಇನ್ಶೂರೆನ್ಸ್ ಸರ್ವೇಯರ್ ಬಂದರು. ಸೀಟು, ಕಾರ್ಪೆಟ್, ವೈರಿಂಗ್ ಎಲ್ಲ ಬರೆದುಕೊಂಡರು. ಪ್ರವಾಹಕ್ಕೆ ಕವರ್ ಇದೆ, ಸರಿ. ಇಂಜಿನ್‌ಗೆ ಮಾತ್ರ ಇಲ್ಲ ಅಂದರು. ಅವರ ಲೆಕ್ಕ ಏನೆಂದರೆ, ನೀರು ನಿಂತಿದ್ದರಿಂದ ಇಂಜಿನ್ ಒಡೆಯಲಿಲ್ಲ, ನೀವು ಸ್ಟಾರ್ಟ್ ಮಾಡಿದ್ದರಿಂದ ಒಡೆಯಿತು. ಇದಕ್ಕೆ ‘ಕಾನ್ಸಿಕ್ವೆನ್ಷಿಯಲ್ ಲಾಸ್’ ಅಂತ ಹೆಸರು. ಮಾಮೂಲಿ ಪಾಲಿಸಿ ಅದನ್ನು ಕೊಡುವುದಿಲ್ಲ. ಅದಕ್ಕೆ ‘ಇಂಜಿನ್ ಪ್ರೊಟೆಕ್ಟ್’ ಅಂತ ಬೇರೆ ಆಡ್-ಆನ್, ಅಂದರೆ ಹೆಚ್ಚಿನ ದುಡ್ಡು ಕೊಟ್ಟು ಸೇರಿಸಿಕೊಳ್ಳುವ ಕವರ್, ತೆಗೆದುಕೊಂಡಿರಬೇಕು.

‘ನಂದು ಫುಲ್ ಇನ್ಶೂರೆನ್ಸ್ ಕಣಯ್ಯಾ!’ ಅಂತ ಭಾವ ಕೂಗಾಡಿದರು. ಕಂಪನಿಯನ್ನು ಬಯ್ಯಬೇಕು ಅಂತ ನಾನೂ ಪಾಲಿಸಿ ತೆಗೆದು ಕೂತೆ. ಇಡೀ ಪಾಲಿಸಿಯಲ್ಲಿ ‘ಫುಲ್’ ಅನ್ನುವ ಪದವೇ ಇರಲಿಲ್ಲ. ಅದು ಅಂಗಡಿಯವನ ಪದ, ನಮ್ಮ ಪದ.

ಅಲ್ಲಿ ಇರುವುದು ಎರಡು ಬೇರೆ ಬೇರೆ ವಿಷಯ. ಒಂದು, ಥರ್ಡ್ ಪಾರ್ಟಿ. ನಾವು ಮೊದಲ ಪಾರ್ಟಿ, ಕಂಪನಿ ಎರಡನೆಯದು, ರಸ್ತೆಯಲ್ಲಿ ನಮ್ಮ ಕಾರಿನಿಂದ ಏಟು ತಿಂದವರು ಮೂರನೆಯವರು. 1988ರ ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿರುವುದು ಇದನ್ನು ಮಾತ್ರ. ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲಕ್ಕೆ 2,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಜೈಲೂ ಆಗಬಹುದು. ಜನ ಇದನ್ನು ‘ಪೊಲೀಸರಿಗೆ ತೋರಿಸೋಕೆ’ ಅಂತ ಹಗುರವಾಗಿ ಮಾತಾಡುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ನಮ್ಮ ಕಾರಿಗೆ ಸಿಕ್ಕಿ ಯಾರದೋ ಮನೆಯ ದುಡಿಯುವ ಜೀವ ಹೋದರೆ, ಆ ಮನೆಗೆ ಎಷ್ಟು ಕೊಡಬೇಕು ಅಂತ ಕೋರ್ಟು ಹೇಳುತ್ತದೆ. ಈ ಪಾಲಿಸಿಯಲ್ಲಿ ಅದಕ್ಕೆ ಮಿತಿ ಇಲ್ಲ. ಪಾಲಿಸಿ ಇಲ್ಲದಿದ್ದರೆ ಆ ಹಣ ನಮ್ಮ ಸೈಟು, ಮನೆ ಮಾರಿ ಬರಬೇಕು. ಬೇರೆಯವರ ಆಸ್ತಿಗೆ ಆದ ನಷ್ಟಕ್ಕೆ ಮಾತ್ರ 7.5 ಲಕ್ಷದ ಮಿತಿ. ಇದರ ದರ ಸರ್ಕಾರದ್ದು, ಚೌಕಾಸಿ ನಡೆಯುವುದಿಲ್ಲ. 2022ರ ಜೂನ್‌ನಲ್ಲಿ ನಿಗದಿಯಾದ ಹಾಗೆ 1000 ಸಿಸಿವರೆಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1500 ಸಿಸಿವರೆಗೆ 3,416.

ಇನ್ನೊಂದು, ಓನ್ ಡ್ಯಾಮೇಜ್. ನಮ್ಮ ಕಾರಿಗೆ ಆಗುವ ನಷ್ಟ. ಇವೆರಡನ್ನೂ ಸೇರಿಸಿದರೆ ಕಾಂಪ್ರಹೆನ್ಸಿವ್. ಅಂಗಡಿಯವನ ‘ಫುಲ್’ ಅಂದರೆ ಇಷ್ಟೇ.

ಇಲ್ಲಿ ಒಂದು ಹಳ್ಳ ಇದೆ, ನಮ್ಮ ಕಸಿನ್ ಬಿದ್ದಿದ್ದು ಅದರಲ್ಲೇ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಥರ್ಡ್ ಪಾರ್ಟಿ ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಿಸಿಕೊಳ್ಳುತ್ತಾರೆ. ಓನ್ ಡ್ಯಾಮೇಜ್ ಮಾತ್ರ ಸಾಮಾನ್ಯವಾಗಿ ಒಂದೇ ವರ್ಷಕ್ಕೆ. ಅವನು ಪಾಲಿಸಿಯಲ್ಲಿ ಮೂರು ವರ್ಷದ ತಾರೀಖು ನೋಡಿ ಆರಾಮಾಗಿದ್ದ. ಎರಡನೇ ವರ್ಷ ಸಕಲೇಶಪುರದ ಹತ್ತಿರ ತಿರುವಿನಲ್ಲಿ ಕಾರು ಮೋರಿಗೆ ಇಳಿಯಿತು. ಓನ್ ಡ್ಯಾಮೇಜ್ ಮುಗಿದು ಐದು ತಿಂಗಳಾಗಿತ್ತು. ಮೋರಿಗೆ ಏನಾದರೂ ಆಗಿದ್ದರೆ ಕಂಪನಿ ಕೊಡುತ್ತಿತ್ತು, ಕಾರಿಗೆ ಇಲ್ಲ! ನಿಮ್ಮ ಪಾಲಿಸಿಯ ಪಿಡಿಎಫ್ ಈಗಲೇ ತೆಗೆದು ನೋಡಿ, ಎರಡು ತಾರೀಖು ಇರುತ್ತವೆ.

ಇನ್ನು ಸವಕಳಿ, ಅಂದರೆ ಬಳಸಿದ ಭಾಗದ ಬೆಲೆ ಇಳಿದಿದೆ ಅಂತ ಕಂಪನಿ ಕ್ಲೇಮ್‌ನಲ್ಲಿ ಮುರಿದುಕೊಳ್ಳುವ ದುಡ್ಡು. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಕಾರು ಎಷ್ಟೇ ಹೊಸದಾಗಿರಲಿ, ಅರ್ಧ ದುಡ್ಡು ನಮ್ಮದು. 12,000 ರೂಪಾಯಿಯ ಬಂಪರ್ ಹೋದರೆ 6,000 ನಾವು ಕೊಡಬೇಕು. ಅದರ ಮೇಲೆ ಕಡ್ಡಾಯ ಕಡಿತ, ಅಂದರೆ ಪ್ರತಿ ಕ್ಲೇಮ್‌ನಲ್ಲೂ ನಮ್ಮ ಕೈಯಿಂದಲೇ ಹೋಗುವ ದುಡ್ಡು, ಸಣ್ಣ ಕಾರಿಗೆ 1,000. ಇವತ್ತಿನ ಕಾರುಗಳ ಮೂತಿ ಪೂರ್ತಿ ಪ್ಲಾಸ್ಟಿಕ್ಕೇ ಅಲ್ವಾ? ಝೀರೋ ಡೆಪ್ರಿಸಿಯೇಶನ್, ಅಂದರೆ ಜನ ‘ಬಂಪರ್ ಟು ಬಂಪರ್’ ಅನ್ನುವುದು, ಈ ಸವಕಳಿಯನ್ನು ಮನ್ನಾ ಮಾಡುತ್ತದೆ. ಮೊದಲ ಐದು ವರ್ಷ ಅದಕ್ಕೆ ದುಡ್ಡು ಹಾಕಿ ಅನ್ನುತ್ತೇನೆ. ಆದರೆ ಅದು ಇದ್ದ ಮಾತ್ರಕ್ಕೆ ನೀರು ಕುಡಿದ ಇಂಜಿನ್ ಕವರ್ ಆಗುವುದಿಲ್ಲ. ಎರಡೂ ಬೇರೆ.

ಇಂಜಿನ್ ಪ್ರೊಟೆಕ್ಟ್ ಬೇಕಾ ಬೇಡವಾ ಅನ್ನುವುದು ಕಾರನ್ನಲ್ಲ, ನೀವು ಅದನ್ನು ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದನ್ನು ನೋಡಿ ತೀರ್ಮಾನಿಸಿ. ಕೆರೆ ಪಕ್ಕದ ಬೇಸ್‌ಮೆಂಟಾ, ಬೇಕೇ ಬೇಕು. ಎತ್ತರದ ಬೀದಿಯಲ್ಲಿ ಮನೆ, ಮಳೆಯಲ್ಲಿ ಕಾರು ತೆಗೆಯುವುದೇ ಇಲ್ಲವಾ, ಬಿಡಿ.

ಆನ್‌ಲೈನಲ್ಲಿ ಪ್ರೀಮಿಯಂ ಕಡಿಮೆ ತೋರಿಸುವ ಆಟವೂ ಒಂದಿದೆ. ಐಡಿವಿ, ಅಂದರೆ ಕಾರಿನ ಇವತ್ತಿನ ಬೆಲೆಯನ್ನು ಕೆಳಗಿಳಿಸುತ್ತಾರೆ. ನಮಗೆ ಎಂಟುನೂರು ರೂಪಾಯಿ ಉಳಿಯಿತು ಅಂತ ಖುಷಿ. ಕಾರು ಕಳ್ಳತನವಾದರೆ ಕೈಗೆ ಬರುವುದು ಆ ಐಡಿವಿಯ ಲೆಕ್ಕದಲ್ಲೇ.

ಸಣ್ಣಪುಟ್ಟ ಗೀರಿಗೆ ಮಾತ್ರ ನಾನು ಕ್ಲೇಮ್ ಮಾಡುವುದಿಲ್ಲ. ಐದು ವರ್ಷ ಕ್ಲೇಮ್ ಇಲ್ಲದಿದ್ದರೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ 50 ಪರ್ಸೆಂಟ್ ರಿಯಾಯಿತಿ, ಅದೇ ನೋ ಕ್ಲೇಮ್ ಬೋನಸ್. ಒಂದು ಕ್ಲೇಮ್ ಮಾಡಿದರೆ ಸಾಮಾನ್ಯವಾಗಿ ಮತ್ತೆ ಸೊನ್ನೆಯಿಂದ ಶುರು. ಈ ಬೋನಸ್ ಕಾರಿನದ್ದಲ್ಲ, ಮಾಲೀಕನದ್ದು. ಹಳೆಯ ಕಾರು ಮಾರುವಾಗ ಸರ್ಟಿಫಿಕೇಟ್ ಕೇಳಿ ತೆಗೆದುಕೊಳ್ಳಿ, ಹೊಸ ಕಾರಿಗೆ ಆಗುತ್ತದೆ. ಸುಮ್ನೆ ಬಿಟ್ಟು ಬರುವವರೇ ಜಾಸ್ತಿ.

ಭಾವ ಈಗ ಇಂಜಿನ್ ಪ್ರೊಟೆಕ್ಟ್ ತೆಗೆದುಕೊಂಡಿದ್ದಾರೆ. ಅದು ಸಾಲದು ಅಂತ ಬೇಸ್‌ಮೆಂಟಿನ ಕಂಬಕ್ಕೆ ಒಂದು ಹಾಳೆ ಅಂಟಿಸಿದ್ದರು: ‘ನೀರು ಬಂದರೆ ಕಾರ್ ಸ್ಟಾರ್ಟ್ ಮಾಡಬೇಡಿ, ಟೋ ಮಾಡಿಸಿ.’ ಗಣೇಶನ ಹಬ್ಬಕ್ಕೆ ಪೇಂಟ್ ಹೊಡೆಸುವಾಗ ಅಸೋಸಿಯೇಷನ್‌ನವರು ಚೆನ್ನಾಗಿ ಕಾಣಲ್ಲ ಅಂತ ಕಿತ್ತು ಹಾಕಿದರು. ಹಬ್ಬ ಮುಗಿದ ಮರುದಿನ ಮತ್ತೆ ಅಂಟಿಸಿ ಬಂದಿದ್ದಾರೆ.