ಅಕ್ಕ ರಾಗಿ ಬಿಟ್ಟದ್ದು ಒಂದು ಹೆಸರಿನಿಂದ

ಕಳೆದ ವಾರ ಸೋಮವಾರಪೇಟೆಯ ಅಕ್ಕನ ಮನೆಯಲ್ಲಿ ಊಟಕ್ಕೆ ಕುಳಿತಿದ್ದೆ. ಎಲ್ಲರ ತಟ್ಟೆಯಲ್ಲೂ ಮುದ್ದೆ, ಅಕ್ಕನ ತಟ್ಟೆಯಲ್ಲಿ ಮಾತ್ರ ಅಕ್ಕಿ ಗಂಜಿ. ನಾಲ್ಕು ತಿಂಗಳಿಂದ ಅವಳು ರಾಗಿ ಮುಟ್ಟಿಲ್ಲ, ಹಾಲು ಕುಡಿದಿಲ್ಲ ಎಂದು ಗೊತ್ತಾದದ್ದು ಆಗಲೇ. ಏಕೆ ಎಂದು ಕೇಳಿದ್ದಕ್ಕೆ ಒಳಗೆ ಹೋಗಿ, ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟಿದ್ದ ವರದಿ ತಂದು ನನ್ನ ಕೈಗಿಟ್ಟಳು. ಮಲ ಪರೀಕ್ಷೆ, ಕ್ಯಾಲ್‌ಪ್ರೊಟೆಕ್ಟಿನ್, 860. ಸಂಖ್ಯೆಯ ಸುತ್ತ ಕೆಂಪು ಪೆನ್ನಿನ ಗೆರೆ.

"ಕ್ಯಾಲ್ಸಿಯಂ ಪ್ರೋಟೀನು ಜಾಸ್ತಿಯಾಗಿದೆ ಎಂದರು ಕಣೇ. ಜಾಸ್ತಿಯಾದದ್ದನ್ನೇ ಮತ್ತೆ ಯಾಕೆ ತಿನ್ನಲಿ?" ಎಂದಳು.

ನನಗೆ ಸಿಟ್ಟು ಬಂತು, ಅವಳ ಮೇಲಲ್ಲ. ಸಕ್ಕರೆ ಕಾಯಿಲೆಗೆ ಸಿಹಿ ಬಿಡು, ಬಿ.ಪಿ.ಗೆ ಉಪ್ಪು ಬಿಡು ಎಂದು ಕೇಳಿಕೊಂಡು ಬಂದವರು ಇನ್ನು ಹೇಗೆ ಯೋಚಿಸಿಯಾರು? ಒಂದು ವರ್ಷ ರಕ್ತ ಬೆರೆತ ಭೇದಿಗೆ ಗ್ಯಾಸ್ಟ್ರಿಕ್ ಮಾತ್ರೆ ನುಂಗಿ, ಕೊನೆಗೆ ಮೈಸೂರಿಗೆ ಹೋಗಿ, ಕರುಳಿನೊಳಗೆ ಕೊಳವೆ ಹಾಕಿ ನೋಡಿದ ಮೇಲೆ ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನಲ್ಲಿ ಹುಣ್ಣಾಗಿ ಉರಿಯೂತ ನಿಲ್ಲದ ಕಾಯಿಲೆ, ಎಂದು ಗೊತ್ತಾಗಿತ್ತು. ಅಷ್ಟೆಲ್ಲ ಆದರೂ ಆ ಸಂಖ್ಯೆಯ ಅರ್ಥವನ್ನು ಕನ್ನಡದಲ್ಲಿ ಯಾರೂ ಅವಳಿಗೆ ಬಿಡಿಸಿ ಹೇಳಿರಲಿಲ್ಲ. ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ನಾನೂ ಹೇಳಿರಲಿಲ್ಲ. ಆ ದಿನ ಅವಳಿಗೆ ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾಫಿ ಕೊಯ್ಯುವಾಗ ಬೆರಳಿಗೆ ಮುಳ್ಳು ಚುಚ್ಚಿದರೆ ಮಾರನೆಯ ದಿನ ಅಲ್ಲಿ ಕೆಂಪಗೆ ಊದಿ, ಬಿಸಿಯಾಗಿ, ಕೀವು ಕಟ್ಟುತ್ತದೆಯಲ್ಲ, ಆ ಕೀವಿನಲ್ಲಿ ಹೆಚ್ಚಾಗಿರುವುದು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು. ಸೋಂಕಿನ ಜಾಗಕ್ಕೆ ಮೊದಲು ಓಡಿಬರುವವು ಅವೇ. ಅವುಗಳ ಒಳಗಿನ ದ್ರವದಲ್ಲಿರುವ ಪ್ರೋಟೀನಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಈ ಕ್ಯಾಲ್‌ಪ್ರೊಟೆಕ್ಟಿನ್ನೇ. ಎಸ್100ಎ8, ಎಸ್100ಎ9 ಎಂಬ ಎರಡು ಪ್ರೋಟೀನುಗಳ ಜೋಡಿ ಅದು. ಈ ಕುಟುಂಬದ ಮೊದಲ ಪ್ರೋಟೀನು 1965ರಲ್ಲಿ ದನದ ಮಿದುಳಿನಲ್ಲಿ ಸಿಕ್ಕಿತು. ಅಮೋನಿಯಂ ಸಲ್ಫೇಟಿನ ನೂರಕ್ಕೆ ನೂರು ತುಂಬಿದ ದ್ರಾವಣದಲ್ಲೂ ಕರಗಿಯೇ ಇತ್ತೆಂದು ಎಸ್100 ಎಂಬ ಹೆಸರು ಬಂತು.

ಹೆಸರಿನಲ್ಲಿ ಕ್ಯಾಲ್ಸಿಯಂನ ನೆರಳು ಏಕೆ? ಈ ಪ್ರೋಟೀನು ಕ್ಯಾಲ್ಸಿಯಂ ಅನ್ನು ಹಿಡಿಯುವಂಥದ್ದು, ಅಷ್ಟೇ. ಜೀವಕೋಶದ ಒಳಗೆ ಕ್ಯಾಲ್ಸಿಯಂ ತೀರಾ ಕಡಿಮೆ. ಹೊರಗೆ ಅದರ ಸುಮಾರು 10,000 ಪಟ್ಟು. ಅಪಾಯದ ಸುಳಿವು ಸಿಕ್ಕ ಕೂಡಲೇ ಬಾಗಿಲು ತೆರೆದು ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಅದನ್ನು ಹಿಡಿದ ಪ್ರೋಟೀನುಗಳು ಆಕಾರ ಬದಲಿಸಿ ಕೆಲಸಕ್ಕೆ ಇಳಿಯುತ್ತವೆ. ಟಿ ಕೋಶ ಎಂಬ ಬಿಳಿ ರಕ್ತಕಣಗಳಲ್ಲಿ ಕ್ಯಾಲ್ಮೊಡ್ಯುಲಿನ್ ಎಂಬ ಪ್ರೋಟೀನು ಹೀಗೆಯೇ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಮೂತ್ರಪಿಂಡ ಕಸಿ ಮಾಡಿಸಿಕೊಂಡವರು ನುಂಗುವ ಟ್ಯಾಕ್ರೊಲಿಮಸ್ ಎಂಬ ಔಷಧಿ ತಡೆಯುವುದು ಆ ಕಿಣ್ವವನ್ನೇ.

ಕ್ಯಾಲ್‌ಪ್ರೊಟೆಕ್ಟಿನ್ನಿಗೆ ಎರಡು ಕೆಲಸ. ಸತು, ಮ್ಯಾಂಗನೀಸುಗಳನ್ನು ಬಾಚಿಕೊಂಡು ಬ್ಯಾಕ್ಟೀರಿಯಾಗಳನ್ನು ಉಪವಾಸ ಕೆಡವುವುದು ಒಂದು. ಕೂಗಿ ಕರೆಯುವುದು ಇನ್ನೊಂದು. ನಮ್ಮ ಜಿಲ್ಲೆಯ ಕೊಡವರ ಮನೆಗಳಲ್ಲಿ ಸಾವಾದರೆ ಎರಡು ಗುಂಡು ಹಾರಿಸುತ್ತಾರೆ. ಸದ್ದು ಕೇಳಿದವರು ಕೆಲಸ ಬಿಟ್ಟು ಆ ಮನೆಯ ಕಡೆ ಹೊರಡುತ್ತಾರೆ. ನ್ಯೂಟ್ರೋಫಿಲ್ ಸತ್ತಾಗ, ಕೆರಳಿದಾಗ ಹೊರಬೀಳುವ ಕ್ಯಾಲ್‌ಪ್ರೊಟೆಕ್ಟಿನ್ ಅಂಥ ಗುಂಡಿನ ಸದ್ದು. ಅಕ್ಕಪಕ್ಕದ ಕೋಶಗಳ ಟಿಎಲ್‌ಆರ್4 ಎಂಬ, ಸುಳಿವು ಹಿಡಿಯುವ ಗ್ರಾಹಕಕ್ಕೆ ಅದು ಅಂಟುತ್ತದೆ, ಅವು ಟಿಎನ್‌ಎಫ್, ಐಎಲ್-6ನಂಥ ಉರಿಯೂತದ ಸಂದೇಶಗಳನ್ನು ಹೊರಡಿಸುತ್ತವೆ, ಇನ್ನಷ್ಟು ನ್ಯೂಟ್ರೋಫಿಲ್‌ಗಳು ಬರುತ್ತವೆ. ಅಕ್ಕನ ಕರುಳಿನಲ್ಲಿ ಈ ಸದ್ದು ನಿಂತೇ ಇರಲಿಲ್ಲ.

ನನಗೆ ಬಹಳ ಇಷ್ಟವಾದ ಸಂಗತಿ ಇನ್ನೊಂದಿದೆ. ಹೊರಗೆ ಬಂದ ಈ ಜೋಡಿಗಳು ಅಲ್ಲಿನ ಧಾರಾಳ ಕ್ಯಾಲ್ಸಿಯಂ ಹಿಡಿದು ಎರಡೆರಡಾಗಿ ಬೆಸೆದುಕೊಳ್ಳುತ್ತವೆ. ಬೆಸೆದಾಗ ಟಿಎಲ್‌ಆರ್4ಕ್ಕೆ ಅಂಟುವ ಜಾಗವೇ ಮುಚ್ಚಿಹೋಗುತ್ತದೆ. ಉರಿಯೂತದ ಬೆಂಕಿ ಮೈತುಂಬ ಹಬ್ಬದೆ ಹೊತ್ತಿದಲ್ಲೇ ನಿಲ್ಲಲು ಇದೂ ಒಂದು ಕಾರಣ. ಅಂದರೆ ಅಕ್ಕ ದೂರ ಮಾಡಿದ್ದ ಕ್ಯಾಲ್ಸಿಯಂ ಇಲ್ಲಿ ಬೆಂಕಿಗೆ ಅಡ್ಡಗಟ್ಟೆ. ಕ್ಯಾಲ್ಸಿಯಂ ಹಿಡಿದಿರುವುದರಿಂದಲೇ ಈ ಪ್ರೋಟೀನು ಕರುಳಿನಲ್ಲಿ ಜೀರ್ಣವಾಗದೆ ಉಳಿದು, ಡಬ್ಬಿಯಲ್ಲಿ ಮೈಸೂರಿನವರೆಗೆ ಬಸ್ಸಿನಲ್ಲಿ ಹೋದರೂ ಕೆಡದೆ ಲೆಕ್ಕಕ್ಕೆ ಸಿಗುತ್ತದೆ.

ತಟ್ಟೆಯ ಕ್ಯಾಲ್ಸಿಯಮ್ಮಿಗೂ ಆ 860ಕ್ಕೂ ಸಂಬಂಧವಿಲ್ಲ. ರಾಗಿ ತಿಂದರೂ ಬಿಟ್ಟರೂ ರಕ್ತದ ಕ್ಯಾಲ್ಸಿಯಂ ಮಟ್ಟವನ್ನು ದೇಹ ಹಿಡಿತದಲ್ಲಿಡುತ್ತದೆ. ಊಟದಲ್ಲಿ ಸಾಲದಿದ್ದರೆ ಮೂಳೆಯಿಂದ ತೆಗೆಯುತ್ತದೆ. ಕರುಳಿನ ದೀರ್ಘ ಉರಿಯೂತ ಮೂಳೆಯನ್ನು ಸವೆಸುತ್ತದೆ, ಸ್ಟೀರಾಯ್ಡ್ ಇನ್ನಷ್ಟು ಸವೆಸುತ್ತದೆ. ಅಕ್ಕ ಎರಡು ತಿಂಗಳು ಸ್ಟೀರಾಯ್ಡ್ ತೆಗೆದುಕೊಂಡವಳು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಬೇಕೇ ಬೇಕಾದ ಹೊತ್ತಿನಲ್ಲಿ ಅದನ್ನು ಬಿಟ್ಟು ಕುಳಿತಿದ್ದಳು. ಕಾಯಿಲೆ ಕೆರಳಿದ ದಿನಗಳಲ್ಲಿ ನಾರಿನಂಶ ಕಡಿಮೆ ಮಾಡಿ ಎಂದು ವೈದ್ಯರು ಹೇಳುವುದುಂಟು, ಹಾಲು ಒಗ್ಗದವರೂ ಇದ್ದಾರೆ. ಅದು ಬೇರೆ ಮಾತು, ವೈದ್ಯರನ್ನೇ ಕೇಳಬೇಕು.

ವರದಿ ಕೊಡುವವರಲ್ಲಿ ನನ್ನದು ಒಂದೇ ಬೇಡಿಕೆ. ಸಂಖ್ಯೆಗೆ ಕೆಂಪು ಗೆರೆ ಹಾಕುವ ಪೆನ್ನಿನಲ್ಲೇ "ಇದು ಕರುಳಿನ ಉರಿಯೂತದ ಗುರುತು, ಊಟದ ಕ್ಯಾಲ್ಸಿಯಂ ಅಲ್ಲ" ಎಂದು ಕನ್ನಡದಲ್ಲಿ ಒಂದು ಸಾಲು ಬರೆಯಿರಿ. ಅರ್ಧ ನಿಮಿಷದ ಕೆಲಸ. ಚಿಕಿತ್ಸೆಯ ಅರ್ಧ ಭಾಗ ಅದು ಎಂದೇ ನಾನು ನಂಬಿದ್ದೇನೆ.

ತಿಂಗಳುಗಟ್ಟಲೆ ಭೇದಿ, ರಕ್ತ, ತೂಕ ಇಳಿಕೆ ಇದ್ದೂ ನಾಚಿಕೆಯಿಂದ ಸುಮ್ಮನಿರುವವರು ಈ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ದೊಡ್ಡವರಲ್ಲಿ ಒಂದು ಗ್ರಾಂ ಮಲಕ್ಕೆ 50 ಮೈಕ್ರೋಗ್ರಾಂ ಒಳಗಿದ್ದರೆ ಕರುಳಿನ ಉರಿಯೂತದ ಸಾಧ್ಯತೆ ಕಡಿಮೆ. ಹೆಚ್ಚಿದ್ದರೆ ಉರಿ ಇದೆ ಎಂದಷ್ಟೇ ಹೇಳುತ್ತದೆ. ಕೊಲೈಟಿಸೋ, ಕರುಳಿನ ಕ್ಷಯವೋ, ಬೇರೆ ಸೋಂಕೋ ಎಂದು ಹೇಳುವುದಿಲ್ಲ. ಕಾಫಿ ಕೊಯ್ಲಿನ ದಿನಗಳಲ್ಲಿ ಬೆನ್ನುನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗುವ ಅಭ್ಯಾಸ ನಮ್ಮಲ್ಲಿ ಬಹಳ. ಅವೂ ಈ ಸಂಖ್ಯೆಯನ್ನು ಏರಿಸುತ್ತವೆ. ಡಬ್ಬಿ ಕೊಡುವ ಮುಂಚೆ ಯಾವ ಮಾತ್ರೆ ನುಂಗಿದ್ದೀರಿ ಎಂದು ತಪ್ಪದೆ ಹೇಳಿ.