ಇ-ಇಂಕ್ ಟ್ಯಾಬ್ಲೆಟ್ ಕೊಳ್ಳುವ ಮುಂಚೆ ಅದರಲ್ಲಿ ಒಂದು ಕನ್ನಡ ಪುಟ ತೆರೆದು ನೋಡಿ

ಗೆಳೆಯರು ಕಳುಹಿಸಿದ ವಿಡಿಯೊ ಒಂದನ್ನು ಈಗಷ್ಟೇ ನೋಡಿ ಮುಗಿಸಿದೆ. ಓದಲು, ಬರೆಯಲು ಯಾವ ಇ-ಇಂಕ್ ಟ್ಯಾಬ್ಲೆಟ್ (ಕಾಗದದಂತೆ ಕಾಣುವ ಪರದೆಯ ಸಾಧನ) ಒಳ್ಳೆಯದು ಎಂದು ಸೊಗಸಾದ ಕನ್ನಡದಲ್ಲಿ ವಿವರಿಸಿದ್ದಾರೆ. ಪೆನ್ನು, ಬ್ಯಾಟರಿ, ತೂಕ, ಬೆಲೆ ಎಲ್ಲವೂ ಬಂತು. ಆದರೆ ಪರದೆಯ ಮೇಲೆ ಕನ್ನಡದ ಒಂದು ಸಾಲೂ ಬರಲಿಲ್ಲ! ತೆರೆದದ್ದೆಲ್ಲ ಇಂಗ್ಲಿಷ್ ಪುಸ್ತಕ. ಕನ್ನಡಿಗರಿಗೆಂದೇ ಮಾಡಿದ ವಿಡಿಯೊದಲ್ಲಿ ಕನ್ನಡ ಓದಿ ತೋರಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲವೇ?

ಕನ್ನಡ ಓದುವವರ ಆಯ್ಕೆ ನಿರ್ಧಾರವಾಗುವುದೇ ಪರದೆಯ ಮೇಲೆ ಕನ್ನಡ ಹೇಗೆ ಬರುತ್ತದೆ ಎಂಬುದರಲ್ಲಿ. 2016ರ ಡಿಸೆಂಬರ್‌ನಲ್ಲಿ ಅಮೆಜಾನ್‌ನ ಇ-ಪುಸ್ತಕ ಓದುವ ಸಾಧನ ಕಿಂಡಲ್‌ಗೆ ಭಾರತೀಯ ಭಾಷೆಗಳ ಪುಸ್ತಕಗಳು ಬಂದಾಗ ಪಟ್ಟಿಯಲ್ಲಿದ್ದದ್ದು ಹಿಂದಿ, ತಮಿಳು, ಮರಾಠಿ, ಗುಜರಾತಿ ಮತ್ತು ಮಲಯಾಳಂ. ಕನ್ನಡಕ್ಕೆ ಜಾಗ ಸಿಗಲಿಲ್ಲ. ಕನ್ನಡಕ್ಕೆ ಮಾರುಕಟ್ಟೆ ಚಿಕ್ಕದು ಎಂದು ವಾದಿಸುವವರು ನಮ್ಮಲ್ಲೇ ಇದ್ದಾರೆ. 2011ರ ಜನಗಣತಿಯ ಪ್ರಕಾರ ಕನ್ನಡ ತಾಯ್ನುಡಿಯವರು ಸುಮಾರು 4.37 ಕೋಟಿ, ಮಲಯಾಳಂನವರು ಸುಮಾರು 3.48 ಕೋಟಿ. ಆ ವಾದಕ್ಕೆ ಇದಕ್ಕಿಂತ ಹೆಚ್ಚಿನ ಉತ್ತರ ನನ್ನಲ್ಲಿಲ್ಲ, ಬೇಕಾಗಿಯೂ ಇಲ್ಲ.

ಹಾಗಾಗಿ ನಮ್ಮ ಪಾಲಿಗೆ ಹೆಚ್ಚಾಗಿ ಉಳಿದಿರುವುದು ಪಿಡಿಎಫ್. ಅದರಲ್ಲಿ ಪುಟ ಹೇಗಿದೆಯೋ ಹಾಗೆಯೇ ಇರುತ್ತದೆ. ಆರಿಂಚಿನ ಪರದೆಗೆ ಇಡೀ ಪುಟವನ್ನು ಕುಗ್ಗಿಸಿದರೆ ‘ರಾಷ್ಟ್ರ’, ‘ಸ್ವಾತಂತ್ರ್ಯ’ದಂಥ ಪದಗಳಲ್ಲಿ ಒತ್ತಕ್ಷರಗಳು ಒಂದರ ಮೇಲೊಂದು ಕೂತು ಕಪ್ಪು ಚುಕ್ಕೆಯಾಗುತ್ತವೆ. ಹಳೆಯ ಪುಸ್ತಕದ ಸ್ಕ್ಯಾನ್ ಆದರಂತೂ ಕೇಳಲೇಬೇಡಿ. ಇಂಗ್ಲಿಷ್‌ಗೆ ಸಾಕಾಗುವ ಪರದೆ ಕನ್ನಡಕ್ಕೆ ಸಾಲದು. ಹತ್ತಿಂಚಿನ ಆಸುಪಾಸಿನದೇ ಬೇಕು, ಅಕ್ಷರಗಳು ಚೂಪಾಗಿಯೂ ಕಾಣಬೇಕು. ಪೆನ್ನಿನಿಂದ ಬರೆಯಬಹುದಾದ ಕಿಂಡಲ್ ಸ್ಕ್ರೈಬ್‌ನಲ್ಲಿ ಇಂಚಿಗೆ 300 ಚುಕ್ಕಿ, ಅಂಥದೇ ಇನ್ನೊಂದು ಸಾಧನ ರಿಮಾರ್ಕಬಲ್ 2ರಲ್ಲಿ 226; ಚುಕ್ಕಿ ಹೆಚ್ಚಾದಷ್ಟೂ ಅಕ್ಷರ ಚೂಪು. ಈ ವ್ಯತ್ಯಾಸ ಕಣ್ಣಿಗೆ ಕಾಣುವುದು ಒತ್ತಕ್ಷರದಲ್ಲೇ. ರಿಮಾರ್ಕಬಲ್ 2ರಲ್ಲಿ ಬೆಳಕೂ ಇಲ್ಲ, ರಾತ್ರಿ ಓದುವವರು ಗಮನಿಸಿ.

ನನ್ನ ಕೆಲಸ ನಿಮಗೆ ಗೊತ್ತೇ ಇದೆ, ದಿನವಿಡೀ ಕರಡು ತಿದ್ದುವುದು. ಸಂಜೆಯ ಹೊತ್ತಿಗೆ ಕಂಪ್ಯೂಟರ್ ಪರದೆಯ ಮುಂದೆ ಕಣ್ಣು ಉರಿಯುತ್ತದೆ. ಇ-ಇಂಕ್‌ನಲ್ಲಿ ಕಪ್ಪು ಬಿಳುಪಿನ ಸೂಕ್ಷ್ಮ ಕಣಗಳು ವಿದ್ಯುತ್ತಿನಿಂದ ಮೇಲೆ ಕೆಳಗೆ ಸರಿದು ಅಕ್ಷರ ಮೂಡಿಸುತ್ತವೆ, ಹೊರಗಿನ ಬೆಳಕಿನಲ್ಲೇ ಕಾಗದದಂತೆ ಓದಬಹುದು. ಪಿಡಿಎಫ್ ಮೇಲೆಯೇ ಪೆನ್ನಿನಿಂದ ಕಾಟು ಹಾಕಿ, ಅಂಚಿನಲ್ಲಿ ಸರಿಯಾದ ಪದ ಬರೆಯಬಹುದು. ಹಲವು ಸಾಧನಗಳ ಪೆನ್ನಿಗೆ ಚಾರ್ಜ್ ಕೂಡ ಬೇಕಿಲ್ಲ. ಇಷ್ಟು ಒಳ್ಳೆಯ ಉಪಕರಣ ನನ್ನ ಭಾಷೆಯ ಎದುರು ಅರ್ಧಕ್ಕೆ ನಿಲ್ಲುವುದೇ ನನಗೆ ಸಂಕಟ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಅಮ್ಮನಿಗೆ ಈಗ ಸಣ್ಣ ಅಕ್ಷರ ಕಾಣುವುದಿಲ್ಲ. ಜೀವನವಿಡೀ ಕಾದಂಬರಿ ಓದಿದವರು ಈಗ ಪತ್ರಿಕೆಯ ತಲೆಬರಹ ಓದಿ ಮಡಚಿಡುತ್ತಾರೆ. ಇಂಗ್ಲಿಷ್ ಇ-ಪುಸ್ತಕದಲ್ಲಿ ಒಂದು ಗುಂಡಿ ಒತ್ತಿದರೆ ಅಕ್ಷರ ದೊಡ್ಡದಾಗಿ ಸಾಲು ತಾನಾಗಿ ಹೊಂದಿಕೊಳ್ಳುತ್ತದೆ. ಅಮ್ಮ ಓದಬೇಕಾದ ಪಿಡಿಎಫ್ ಹಿಗ್ಗಿಸಿದರೆ ಸಾಲಿನ ಕೊನೆ ಪರದೆಯಾಚೆ ಹೋಗುತ್ತದೆ. ಎಡಕ್ಕೂ ಬಲಕ್ಕೂ ಎಳೆಯುತ್ತಾ ಕಾದಂಬರಿ ಓದಲು ಯಾರಿಗೆ ಸಾಧ್ಯ?

ಈಗಿರುವುದರಲ್ಲಿ ನನ್ನ ಒಲವು ಬೂಕ್ಸ್ ಕಂಪನಿಯವುಗಳಂಥ ಆಂಡ್ರಾಯ್ಡ್ ಇ-ಇಂಕ್ ಸಾಧನಗಳ ಕಡೆಗೆ. ಕನ್ನಡ ಇ-ಪುಸ್ತಕಗಳ ಆ್ಯಪ್‌ಗಳನ್ನು ಅವುಗಳಲ್ಲಿ ಹಾಕಿಕೊಳ್ಳಬಹುದು, ಕನ್ನಡ ಕೀಲಿಮಣೆಯೂ ಸಿಗುತ್ತದೆ. ಪರದೆ ಬದಲಾಗುವಾಗ ಹಿಂದಿನ ಪುಟದ ನೆರಳು ಕಾಣಬಹುದು, ಬ್ಯಾಟರಿ ಬೇಗ ಇಳಿಯಬಹುದು. ಕನ್ನಡ ಓದಲು ಸಿಗುವುದಾದರೆ ಅದೆಲ್ಲ ನನಗೆ ದೊಡ್ಡದಲ್ಲ.

ಕೈಬರಹವನ್ನು ಅಚ್ಚಿನ ಅಕ್ಷರವಾಗಿಸುವ ಸೌಲಭ್ಯವನ್ನು ವಿಡಿಯೊದಲ್ಲಿ ಬಹಳ ಹೊಗಳಿದರು. ಇಂಗ್ಲಿಷ್‌ನಲ್ಲಿ ಮಾತ್ರ ತೋರಿಸಿದರು. ಗೂಗಲ್‌ನ ಕೈಬರಹದ ಕೀಲಿಮಣೆ 2015ರಲ್ಲೇ ಕನ್ನಡ ಅಕ್ಷರಗಳನ್ನು ಗುರುತಿಸುತ್ತಿತ್ತು. ಕೊಳ್ಳಲು ಹೋದಾಗ ಕನ್ನಡದಲ್ಲಿ ಒಂದು ಸಾಲು ಬರೆದು, ಇದು ಅಚ್ಚಾಗುತ್ತದೆಯೇ ಎಂದು ದಯವಿಟ್ಟು ಕೇಳಿ. ನಿಮ್ಮ ಬಳಿ ಇಂಥ ಸಾಧನ ಈಗಾಗಲೇ ಇದ್ದರೆ, ಒತ್ತಕ್ಷರ ತುಂಬಿದ ಒಂದು ಕನ್ನಡ ಪುಟ ತೆರೆದು ಫೋಟೊ ತೆಗೆದು ಕೆಳಗೆ ಹಾಕಿ. ಯಾವ ಸಾಧನ, ಎಷ್ಟು ಇಂಚು ಎಂಬುದನ್ನೂ ಬರೆಯಿರಿ.